ಏರಿದ ಪೀಠವೂ ಆಡಿದ ನುಡಿಯೂ

ಅಧಿಕಾರಪೀಠವನ್ನು ಏರುವುದೇ ದೋಷವೆಂಬುದು ಶಿವಶರಣರ ಮತವಲ್ಲ. ಮಹಾನುಭಾವರಾದ ಬಸವಣ್ಣನವರು ಬಿಜ್ಜಳನ ಭಂಡಾರದ ಹೊಣೆಯನ್ನು ಹೊತ್ತು ಕಲ್ಯಾಣದಲ್ಲಿ ಬಾಳಿದವರು. ಕಾಲ ಬಂದಾಗ ಆ ಪದವಿಯನ್ನು ತೊರೆದು ಕೂಡಲಸಂಗಮದ ಹಾದಿಯನ್ನು ಹಿಡಿದರೆಂದು ಪರಂಪರೆ ಹೇಳುತ್ತದೆ. ಆದ್ದರಿಂದ ಪೀಠವನ್ನು ಏರಬಹುದೇ ಎಂಬ ಪ್ರಶ್ನೆಗೆ ಉತ್ತರ ಸುಲಭ. ಏರುವಾಗ ಜನರಿಗೆ ಕೊಟ್ಟ ನುಡಿಯು ಏರಿದ ಮೇಲೆಯೂ ಕೊಟ್ಟವನನ್ನು ಕಟ್ಟುವುದೇ, ಕೊಳ್ಳುವವರೇ ಆ ಕಟ್ಟನ್ನು ಬಿಚ್ಚಿದರೆ ಅದು ನಿಜವಾಗಿ ಬಿಚ್ಚುವುದೇ ಎಂಬ ಪ್ರಶ್ನೆ ಅಷ್ಟು ಸುಲಭವಲ್ಲ.

ಇದನ್ನು ದೂರದೇಶದ ಉದಾಹರಣೆಯಿಂದ ವಿಚಾರಿಸುವುದು ಲೇಸು. ಹತ್ತಿರದ ಉದಾಹರಣೆಗಳಲ್ಲಿ ಪಕ್ಷಾಭಿಮಾನವು ಕಣ್ಣಿಗೆ ಪೊರೆಯಾಗಿ ನಿಲ್ಲುತ್ತದೆ. ಅಮೇರಿಕಾ ಸಂಯುಕ್ತ ಸಂಸ್ಥಾನಗಳ ವಾಯವ್ಯ ಮೂಲೆಯಲ್ಲಿ, ಪೆಸಿಫಿಕ್ ಸಾಗರದ ದಡದಲ್ಲಿ, ವಾಷಿಂಗ್ಟನ್ ಎಂಬ ರಾಜ್ಯವಿದೆ. ಆ ದೇಶದ ರಾಜಧಾನಿಗೂ ಇದೇ ಹೆಸರಾದರೂ ಎರಡಕ್ಕೂ ಒಂದು ಖಂಡದ ಅಂತರವಿದೆ. ಆ ರಾಜ್ಯದ ಮತದಾರರು ರಾಜ್ಯಪಾಲನನ್ನು ಮಾತ್ರ ಆರಿಸುವುದಿಲ್ಲ. ಕೋಶಾಧಿಕಾರಿ, ಲೆಕ್ಕಪರಿಶೋಧಕ, ವಿದ್ಯಾಶಾಖೆಯ ಮುಖ್ಯಸ್ಥ, ಸರ್ಕಾರಿ ಭೂಮಿಗಳ ಅಧಿಕಾರಿ ಮೊದಲಾಗಿ ಒಟ್ಟು 9 ಮಂದಿ ಕಾರ್ಯಾಧಿಕಾರಿಗಳನ್ನು ಇಡೀ ರಾಜ್ಯದ ಮತದಿಂದಲೇ ಆರಿಸುತ್ತಾರೆ. ಇದಲ್ಲದೆ ದೇಶದ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್ಟಿಗೆ ಇಬ್ಬರನ್ನೂ ಕೆಳಮನೆಯಾದ ಪ್ರತಿನಿಧಿ ಸಭೆಗೆ ಕ್ಷೇತ್ರಕ್ಕೊಬ್ಬರಂತೆಯೂ ಕಳುಹಿಸುತ್ತಾರೆ. 1994ರಲ್ಲಿ ಅಲ್ಲಿ ಅಂಥ ಕ್ಷೇತ್ರಗಳು 9 ಇದ್ದವು. ಈಗ 10 ಇವೆ. ಸೆನೆಟ್ಟಿನ ಅವಧಿ 6 ವರ್ಷ, ಪ್ರತಿನಿಧಿ ಸಭೆಯದು ಕೇವಲ 2 ವರ್ಷ.

ಚುನಾವಣೆಗೆ ನಿಲ್ಲುವವನನ್ನು ಕನ್ನಡದಲ್ಲಿ ಉಮೇದುವಾರನೆಂದು ಕರೆಯುವುದು ರೂಢಿ. ಪಾರಸಿಯ ಉಮೇದ್ ಎಂಬ ಮಾತಿಗೆ ಆಸೆ, ಭರವಸೆ ಎಂದು ಅರ್ಥ. ಲ್ಯಾಟಿನ್ ಮೂಲದ ಕ್ಯಾಂಡಿಡೇಟ್ ಎಂಬ ಪದಕ್ಕೆ ಬಿಳಿಯ ಬಟ್ಟೆ ತೊಟ್ಟವನೆಂದು ಅರ್ಥ. ಪ್ರಾಚೀನ ರೋಮಿನಲ್ಲಿ ಪದವಿಯನ್ನು ಬಯಸುವವನು ಮೇಲುಡುಗೆಯನ್ನು ಬೆಳ್ಳಗೆ ಮಾಡಿಕೊಂಡು ಜನರೆದುರಿಗೆ ಬರುತ್ತಿದ್ದನಂತೆ. ಪದವಿಯಲ್ಲಿ ಕುಳಿತವನಿಗೆ ಅದೇ ಲ್ಯಾಟಿನ್ನಿನಿಂದ ಬಂದ ಇನ್‌ಕಂಬೆಂಟ್ ಎಂಬ ಹೆಸರಿದೆ. ಅದರ ಧಾತುವಿಗೆ ಒರಗು, ಮೇಲೆ ಭಾರಹಾಕು ಎಂದು ಅರ್ಥ. ಆಸೆಪಡುವವನು ಬೆಳ್ಳಗಿರುತ್ತಾನೆ, ಕುಳಿತವನು ಒರಗುತ್ತಾನೆ! ಶಬ್ದಶಾಸ್ತ್ರವು ಒಮ್ಮೊಮ್ಮೆ ನೀತಿಶಾಸ್ತ್ರಕ್ಕಿಂತ ನಿಷ್ಠುರವಾಗಿರುತ್ತದೆ.

ಪದವಿಯಲ್ಲಿರುವವರು ಬಹುಕಾಲ ಒರಗಿಯೇ ಇರುತ್ತಾರೆಂಬ ಬೇಸರ ಆ ದೇಶದಲ್ಲಿ 1990ರ ಸುಮಾರಿಗೆ ಬಲವಾಯಿತು. ವಾಷಿಂಗ್ಟನ್ ರಾಜ್ಯದ ಜನರು 1992ರ ನವೆಂಬರಿನಲ್ಲಿ 573ನೆಯ ಜನಪ್ರಸ್ತಾವವೆಂಬ ಕಾನೂನನ್ನು ನೇರ ಮತದಾನದಿಂದಲೇ ಮಾಡಿದರು. ಪ್ರತಿನಿಧಿ ಸಭೆಯ ಸದಸ್ಯನಿಗೆ 6 ವರ್ಷ, ಸೆನೆಟ್ ಸದಸ್ಯನಿಗೆ 12 ವರ್ಷ, ರಾಜ್ಯಪಾಲನಿಗೆ 8 ವರ್ಷ ಎಂದು ಅದು ಗಡಿ ಹಾಕಿತು. ಗಡಿ ದಾಟಿದವನ ಹೆಸರನ್ನು ಮತಪತ್ರದಲ್ಲಿ ಅಚ್ಚುಹಾಕಕೂಡದು. ಮತದಾರನು ತನ್ನ ಕೈಯಿಂದಲೇ ಹೆಸರು ಬರೆದರೆ ಮಾತ್ರ ಅವನಿಗೆ ಮತ ಸಲ್ಲುವುದು.

ಆಗ ಆ ರಾಜ್ಯದ ಪೂರ್ವಭಾಗದಲ್ಲಿರುವ ಸ್ಪೋಕೇನ್ ಪ್ರಾಂತದ 5ನೆಯ ಕ್ಷೇತ್ರದಿಂದ ಟಾಮ್ ಫೋಲಿ ಎಂಬ ಡೆಮೊಕ್ರಾಟಿಕ್ ಪಕ್ಷದವರು ಪ್ರತಿನಿಧಿಯಾಗಿದ್ದರು. 1965ರಿಂದ ಸಭೆಯಲ್ಲಿದ್ದು 1989ರಲ್ಲಿ ಸಭಾಧ್ಯಕ್ಷರೂ ಆಗಿದ್ದ ಅವರು, ಈ ಕಾನೂನು ದೇಶದ ಸಂವಿಧಾನಕ್ಕೆ ವಿರುದ್ಧವೆಂದು ನ್ಯಾಯಾಲಯಕ್ಕೆ ಹೋದರು. ತನ್ನ ಮತದಾರರ ಮೇಲೆಯೇ ವ್ಯಾಜ್ಯ ಹೂಡಿದ ಪ್ರತಿನಿಧಿ ಎಂಬ ಅಪವಾದ ಅವರ ತಲೆಗೆ ಬಂದಿತು. 1994ರಲ್ಲಿ ಜಾರ್ಜ್ ನೆದರ್‌ಕಟ್ ಎಂಬ ರಿಪಬ್ಲಿಕನ್ ಪಕ್ಷದ ವಕೀಲರು ಅವರೆದುರು ನಿಂತು, ತಾವು ಗೆದ್ದರೆ 3 ಅವಧಿಗಳಿಗಿಂತ, ಎಂದರೆ 6 ವರ್ಷಕ್ಕಿಂತ, ಹೆಚ್ಚು ಇರುವುದಿಲ್ಲವೆಂದು ವಚನವಿತ್ತರು. ಸುಮಾರು 4 ಸಾವಿರ ಮತಗಳ ಅಂತರದಿಂದ ಫೋಲಿಯವರು ಸೋತರು. ಪದವಿಯಲ್ಲಿರುವ ಸಭಾಧ್ಯಕ್ಷನು ಸ್ವಕ್ಷೇತ್ರದಲ್ಲಿ ಸೋತದ್ದು 1862ರ ತರುವಾಯ ಅದೇ ಮೊದಲು.

ಅದೇ ವರ್ಷ ಆ ರಾಜ್ಯದ 2ನೆಯ ಕ್ಷೇತ್ರದಲ್ಲಿ ಜಾಕ್ ಮೆಟ್‌ಕಾಫ್ ಎಂಬ ಉಪಾಧ್ಯಾಯವೃತ್ತಿಯ ಹಿರಿಯರು ರಿಪಬ್ಲಿಕನ್ ಪಕ್ಷದಿಂದಲೇ ಗೆದ್ದರು. ಅವರು 1968 ಮತ್ತು 1974ರಲ್ಲಿ ಸೆನೆಟ್ಟಿಗೆ ನಿಂತು ಎರಡು ಸಲವೂ ಸೋತವರು. ಅವರೂ 6 ವರ್ಷದ ಮಾತನ್ನೇ ಕೊಟ್ಟಿದ್ದರು.

ಮರುವರ್ಷದ ಮೇ ತಿಂಗಳಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು, ಆರ್ಕನ್ಸಾ ರಾಜ್ಯದ ಒಂದು ವ್ಯಾಜ್ಯದಲ್ಲಿ, ಕಾಂಗ್ರೆಸ್ಸಿನ ಸದಸ್ಯರಿಗೆ ಅವಧಿಯ ಮಿತಿಯನ್ನು ಹಾಕುವ ಅಧಿಕಾರ ರಾಜ್ಯಗಳಿಗೆ ಇಲ್ಲವೆಂದು 5ಕ್ಕೆ 4ರ ಬಹುಮತದಿಂದ ತೀರ್ಪಿತ್ತಿತು. ಫೋಲಿಯವರ ವಾದವು ನಿಜವಾಯಿತು, ಆದರೆ ಅವರ ಪೀಠವು ಅಷ್ಟರಲ್ಲಿ ಹೋಗಿತ್ತು. ರಾಜ್ಯಪಾಲ ಮೊದಲಾದವರಿಗೆ ಹಾಕಿದ್ದ ಮಿತಿಯನ್ನು ಆ ರಾಜ್ಯದ ಶ್ರೇಷ್ಠ ನ್ಯಾಯಾಲಯವೇ 1998ರಲ್ಲಿ ತೆಗೆದುಹಾಕಿತು. ಹೀಗೆ ಹೊರಗಿನ ಕಟ್ಟುಗಳೆಲ್ಲ ಬಿಚ್ಚಿಹೋದವು. ಉಳಿದದ್ದು ಬಾಯಿಂದ ಬಂದ ನುಡಿ ಮಾತ್ರ. ಕಾನೂನು ಇದ್ದಾಗ ನುಡಿಗೆ ಪರೀಕ್ಷೆಯಿಲ್ಲ. ಗೋಡೆಯಿರುವಲ್ಲಿ ನಿಂತವನನ್ನು ಸಂಯಮಿ ಎಂದು ಯಾರೂ ಹೊಗಳುವುದಿಲ್ಲ. ಆದ್ದರಿಂದ ಇಬ್ಬರ ಶೀಲವೂ ತಿಳಿಯಬೇಕಾದ ಕಾಲ ಆಗಲೇ ಬಂದಿತೆನ್ನಬೇಕು.

1999ರಲ್ಲಿ ನೆದರ್‌ಕಟ್ಟರು, ಹಿಡಿದ ಕೆಲಸ ಮುಗಿಯಲು 6 ವರ್ಷ ಸಾಲದೆಂದು ಹೇಳಿ ಮತ್ತೆ ನಿಲ್ಲುವುದಾಗಿ ಸಾರಿದರು. ನುಡಿತಪ್ಪಿದರೆಂದು ನಿಂದೆ ಎದ್ದಿತು. ಅವಧಿಮಿತಿಯ ಪಕ್ಷಪಾತಿಗಳು ಅವರ ವಿರುದ್ಧ ಪ್ರಚಾರಕ್ಕೆ ಹಣ ಸುರಿದರು. ಆದರೂ 2000ದಲ್ಲಿ ಮತದಾರರು ಅವರನ್ನೇ ಆರಿಸಿದರು. 2002ರಲ್ಲಿ ಮತ್ತೊಮ್ಮೆ ಆರಿಸಿದರು. ಮೆಟ್‌ಕಾಫರಾದರೋ ಆಡಿದಂತೆ 2001ರ ಜನವರಿಯಲ್ಲಿ ಪೀಠದಿಂದ ಇಳಿದರು. ಅವರು ಬಿಟ್ಟ ಸ್ಥಾನವು ಎದುರು ಪಕ್ಷದ ರಿಕ್ ಲಾರ್ಸನ್ ಎಂಬವರ ಪಾಲಾಯಿತು; 2024ರ ಚುನಾವಣೆಯಲ್ಲಿಯೂ ಅಲ್ಲಿ ಗೆದ್ದವರು ಅವರೇ. ನುಡಿಯನ್ನು ಸಲ್ಲಿಸಿದ್ದಕ್ಕೆ ಮೆಟ್‌ಕಾಫರ ಪಕ್ಷವು ತೆತ್ತ ಬೆಲೆ ಸಣ್ಣದಲ್ಲ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಮಾತು ಕೊಟ್ಟದ್ದು ಜನರಿಗೆ. ಸಾಲವನ್ನು ಕೊಟ್ಟವನೇ ಸಾಲಗಾರನಿಗೆ ಬಿಟ್ಟುಕೊಡಬಹುದಾದರೆ, ಮಾತನ್ನು ಪಡೆದ ಜನರೇ ಅದನ್ನು ಬಿಟ್ಟುಕೊಡಬಾರದೇಕೆ? ನೆದರ್‌ಕಟ್ಟರು ತಮ್ಮ ಮನಸ್ಸು ಬದಲಾದುದನ್ನು ಮುಚ್ಚಿಡಲಿಲ್ಲ, ಎಲ್ಲರ ಎದುರಿಗೆ ಹೇಳಿ ಮತ ಕೇಳಿದರು, ಜನರು ಕೊಟ್ಟರು. ಇದಕ್ಕಿಂತ ಸ್ವಚ್ಛವಾದ ಬಿಡುಗಡೆ ಯಾವುದು? ಈ ವಾದವನ್ನು ಹಗುರವೆಂದು ತಳ್ಳುವಂತಿಲ್ಲ. ಪ್ರಜಾಪ್ರಭುತ್ವದಲ್ಲಿ ಜನರೇ ಒಡೆಯರೆಂದ ಮೇಲೆ ಒಡೆಯನು ಇರು ಎಂದರೆ ಆಳು ಹೋಗುತ್ತೇನೆ ಎನ್ನುವುದು ಅವಿಧೇಯತೆಯಂತೆಯೂ ಕಂಡೀತು.

ಆದರೂ ಇದರಲ್ಲಿ ಒಂದು ಕೊರತೆಯಿದೆ. ಆ ನುಡಿಯು ಬರಿಯ ಕೊಡುಗೆಯಾಗಿರಲಿಲ್ಲ, ಅದು ಒಂದು ಬೆಲೆಯಾಗಿತ್ತು. 30 ವರ್ಷ ಕುಳಿತವರನ್ನು ಎಬ್ಬಿಸಲು ಅದನ್ನು ಮುಂದಿಟ್ಟು ಪೀಠವನ್ನು ಕೊಳ್ಳಲಾಯಿತು. ಪೀಠವನ್ನು ಕಳೆದುಕೊಂಡ ಫೋಲಿಯವರಿಗೆ ಅದನ್ನು ಹಿಂದಕ್ಕೆ ಕೊಡುವಂತಿಲ್ಲ. ಆ ನುಡಿಯನ್ನು ನಂಬಿ 1994ರಲ್ಲಿ ಮತವಿತ್ತವನ ಮತವನ್ನೂ ಹಿಂದಿರುಗಿಸುವಂತಿಲ್ಲ. 2000ದ ಬಹುಮತವು ತನ್ನ ಪಾಲಿನ ಸಾಲವನ್ನು ಬಿಡಬಹುದು; ಬೇರೆಯವರ ಪಾಲನ್ನು ಬಿಡುವ ಅಧಿಕಾರ ಅದಕ್ಕೆ ಎಲ್ಲಿಂದ ಬಂತು? ಅಲ್ಲದೆ ಮತಪತ್ರದಲ್ಲಿ ಇವರನ್ನು ನುಡಿಯಿಂದ ಬಿಡುಗಡೆ ಮಾಡಬೇಕೆ ಎಂಬ ಪ್ರಶ್ನೆ ಇರಲಿಲ್ಲ. ಇವರೋ ಎದುರು ಪಕ್ಷದವರೋ ಎಂಬುದೊಂದೇ ಇದ್ದಿತು. ಎದುರು ಪಕ್ಷವನ್ನು ಒಲ್ಲದವನು ನುಡಿತಪ್ಪಿದ್ದನ್ನು ಮೆಚ್ಚದೆಯೇ ಮತವಿತ್ತಿರಬಹುದು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ಅರಿಯದ ಲಿಂಗಾಯತ ಗೃಹಸ್ಥರಿಲ್ಲ. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವರು ಮಾರಯ್ಯನವರು. ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಿನದನ್ನು ಮೊದಲಿದ್ದಲ್ಲಿಯೇ ಸುರಿದು ಬರುವಂತೆ ಹೇಳಿದರು. ಈ ಕಥೆಯಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ಆ ಅಕ್ಕಿ ಕದ್ದದ್ದಲ್ಲ, ಅದನ್ನು ಆಯಬೇಡವೆಂದು ಯಾರೂ ತಡೆದಿರಲಿಲ್ಲ, ಅದು ದಾಸೋಹಕ್ಕೇ ಸಲ್ಲುತ್ತಿತ್ತು. ಒಡೆಯರ ಆಕ್ಷೇಪವಿಲ್ಲ, ಉದ್ದೇಶ ಕೆಟ್ಟದ್ದಲ್ಲ. ಹಾಗಿದ್ದರೂ ಲಕ್ಕಮ್ಮನವರ ಕಣ್ಣಿಗೆ ಬಿದ್ದದ್ದು ಅಳತೆಯನ್ನು ಮೀರಿದ ಆಸೆಯೊಂದೇ. ಇನ್ನೂ ಕೆಲಸ ಉಳಿದಿದೆ ಎಂಬ ನೆದರ್‌ಕಟ್ಟರ ಮಾತು ಆ ಹೆಚ್ಚಿನ ಅಕ್ಕಿಯಂತೆಯೇ ಇದೆ. ಕೆಲಸ ಯಾರಿಗೆ ತಾನೆ ಮುಗಿದೀತು? 6 ವರ್ಷದಲ್ಲಿ ಮುಗಿಯದ ಲೋಕೋಪಕಾರವು 10 ವರ್ಷದಲ್ಲಿ ಮುಗಿಯುವುದೆಂಬ ಭರವಸೆ ಇದೆಯೇ? ಅಳತೆಯನ್ನು ಹಾಕಿಕೊಂಡವರು ತಾವೇ ಎಂಬುದನ್ನು ಮರೆತಾಗ ಒಳ್ಳೆಯ ಉದ್ದೇಶವು ಆಸೆಗೆ ಮೇಲುಹೊದಿಕೆಯಾಗುತ್ತದೆ.

ಹಾಗಾದರೆ ಬೇಗ ಇಳಿಯುವುದೇ ಶ್ರೇಷ್ಠ, ಬಹುಕಾಲ ಇರುವುದೇ ಕನಿಷ್ಠ ಎನ್ನಬಹುದೇ? ಅದೂ ಅಲ್ಲ. ಕಾಯಕಕ್ಕೆ ನಿವೃತ್ತಿಯ ವಯಸ್ಸಿಲ್ಲ. ನೇಯುವವನು ಕೈ ನಡೆಯುವ ತನಕ ನೇಯುತ್ತಾನೆ. ಅವನನ್ನು ಮಗ್ಗಕ್ಕೆ ಅಂಟಿದವನೆಂದು ಯಾರೂ ದೂರುವುದಿಲ್ಲ. ಫೋಲಿಯವರು ಎಂದೂ ಇಳಿಯುತ್ತೇನೆಂದು ಹೇಳಿದವರಲ್ಲ. ಮಿತಿ ತಪ್ಪೆಂದು ನಂಬಿದ್ದರು, ಅದನ್ನೇ ಹೇಳಿದರು, ಅದರಿಂದಲೇ ಸೋಲಿಗೆ ದಾರಿಯಾದರೂ ಹಿಂತೆಗೆಯಲಿಲ್ಲ. ಅವರ ನುಡಿಗೂ ನಡೆಗೂ ಅಂತರ ಕಾಣುವುದಿಲ್ಲ. ಶರಣರ ಒರೆಗಲ್ಲಿನಲ್ಲಿ ತಿಕ್ಕಿದರೆ 30 ವರ್ಷ ಇದ್ದ ಫೋಲಿಯವರೂ 6 ವರ್ಷಕ್ಕೆ ಇಳಿದ ಮೆಟ್‌ಕಾಫರೂ ಒಂದೇ ಬಣ್ಣ ತೋರಿಯಾರು. ನಡುವಿನ 10 ವರ್ಷದವರದು ಮಾತ್ರ ಬೇರೆ. ಲೆಕ್ಕವು ವರ್ಷಗಳದ್ದಾಗಿದ್ದರೆ ಈ ಫಲ ಬರುತ್ತಿರಲಿಲ್ಲ.

ವ್ರತದ ವಿಷಯದಲ್ಲಿ ವಚನಕಾರರೊಳಗೆ ಎರಡು ಧ್ವನಿಗಳಿವೆ. ಏಲೇಶ್ವರದ ಕೇತಯ್ಯ, ಅಕ್ಕಮ್ಮ ಮೊದಲಾದವರು ಕೊಂಡ ವ್ರತದಲ್ಲಿ ಎಳ್ಳಷ್ಟೂ ಸಡಿಲವನ್ನು ಸಹಿಸರು. ಅಲ್ಲಮಪ್ರಭುಗಳ ಮಾರ್ಗದಲ್ಲಾದರೋ ಅರಿವಿಲ್ಲದ ನೇಮಕ್ಕೆ ಬೆಲೆಯಿಲ್ಲ. ಎರಡನೆಯ ಧ್ವನಿಯನ್ನು ಹಿಡಿದು ಒಬ್ಬನು ಹೀಗೆ ಕೇಳಿಯಾನು: ಅವಿಚಾರದಿಂದ ಕೊಟ್ಟ ಮಾತನ್ನು ಅರಿವು ಬಂದ ಮೇಲೂ ಹಿಡಿದಿರುವುದು ಜಡತ್ವವಲ್ಲವೇ? ಅರಿವು ಬಂದುದು ನಿಜವಾದರೆ ಅದರ ಗುರುತು ತ್ಯಾಗದಲ್ಲಿ ಕಾಣಬೇಕು. ತನಗೆ ನಷ್ಟವಾಗುವ ಕಡೆಗೆ ಮಾತು ಬದಲಾದರೆ ಅದನ್ನು ಅರಿವೆಂದು ನಂಬಬಹುದು. ಬದಲಾವಣೆಯ ಫಲವಾಗಿ ತಾನು ಕುಳಿತ ಪೀಠವೇ ಉಳಿಯುವುದಾದರೆ ಆ ಅರಿವನ್ನು ಎರಡು ಸಲ ಪರೀಕ್ಷಿಸಬೇಕಾಗುತ್ತದೆ. ನೆದರ್‌ಕಟ್ಟರ ಅಂತರಂಗವನ್ನು ಸಾವಿರಾರು ಗಾವುದ ದೂರದಿಂದ ತೀರ್ಮಾನಿಸುವುದು ಸಲ್ಲದು. ಆದರೆ ಅವರೆದುರಿಗೆ ಇನ್ನೊಂದು ದಾರಿ ತೆರೆದಿತ್ತೆಂಬುದು ನಿಜ: 2001ರಲ್ಲಿ ಇಳಿದು, ಮಿತಿ ತಪ್ಪೆಂದು ಹೊರಗಿನಿಂದಲೇ ಜನರಿಗೆ ತಿಳಿಸಿ, ಮುಂದೊಂದು ಚುನಾವಣೆಯಲ್ಲಿ ಬರಿಗೈಯಿಂದ ಮತ್ತೆ ನಿಲ್ಲಬಹುದಾಗಿತ್ತು. 1994ರಲ್ಲಿ ಅದೇ ರಾಜ್ಯದಲ್ಲಿ ಸ್ಥಾನ ಕಳೆದುಕೊಂಡ ಮರಿಯಾ ಕ್ಯಾಂಟ್‌ವೆಲ್ ಎಂಬವರು 2000ದಲ್ಲಿ 2,229 ಮತಗಳ ಅಂತರದಿಂದ ಸೆನೆಟ್ಟಿಗೆ ಬಂದರು. ಅಂದೇ ಸೋತಿದ್ದ ಜೇ ಇನ್ಸ್‌ಲೀ ಮುಂದೆ ರಾಜ್ಯಪಾಲರಾಗಿ 2013ರಿಂದ 2025ರವರೆಗೆ ಆಳಿದರು. ಇಳಿದವನಿಗೆ ಏಣಿ ಇಲ್ಲವೆಂಬುದು ಕುಳಿತವನ ಭಯ ಮಾತ್ರ.

2004ರಲ್ಲಿ ನೆದರ್‌ಕಟ್ಟರು ಸೆನೆಟ್ಟಿಗೆ ನಿಂತು ಸೋತರು. ನುಡಿತಪ್ಪಿದ ಪಾಪ ಆಗ ಫಲಿಸಿತೆಂದು ಬರೆದುಬಿಡುವುದು ಸುಲಭ. ಆದರೆ ಅದು ಸರಿಯಾಗದು. ಅವರನ್ನು ಸೋಲಿಸಿದ ಪ್ಯಾಟಿ ಮರ್ರಿ ಎಂಬವರು 1993ರಿಂದ ಅದೇ ಪೀಠದಲ್ಲಿದ್ದವರು. 2022ರಲ್ಲಿ 6ನೆಯ ಅವಧಿಗೂ ಆಯ್ಕೆಯಾದರು. ಮತದಾರರು ನುಡಿ ತಪ್ಪಿದವರನ್ನು ಎರಡು ಸಲ ಗೆಲ್ಲಿಸಿದರು, ನುಡಿ ಸಲ್ಲಿಸಿದವರ ಪೀಠವನ್ನು ಎದುರು ಪಕ್ಷಕ್ಕೆ ಕೊಟ್ಟರು. ಮೆಟ್‌ಕಾಫರು 2007ರಲ್ಲಿ ತೀರಿಕೊಂಡರು. ಅವರ ಕ್ಷೇತ್ರದಲ್ಲಿ ಹಾಗೆ ಮಾತು ಕೊಟ್ಟು ಹಾಗೆಯೇ ಇಳಿದವರು ಅವರ ನಂತರ ಇನ್ನೊಬ್ಬರು ಬಂದಿಲ್ಲ.