ಕೆಲಸವಿಲ್ಲದೆ ಸುತ್ತುವವಳು

ಟರ್ಕಿಯಲ್ಲಿ ದೂರದೂರಿನ ಬಸ್ಸಿಗೆ ಟಿಕೆಟ್ ಕೊಳ್ಳಲು ಹೋದರೆ, ಸೀಟು ಆರಿಸುವಾಗಲೇ ಗಂಡೋ ಹೆಣ್ಣೋ ಎಂದು ಹೇಳಬೇಕು. ಪರಿಚಯವಿಲ್ಲದ ಗಂಡಸು, ಹೆಂಗಸನ್ನು ಅಕ್ಕಪಕ್ಕ ಕೂರಿಸುವ ರೂಢಿ ಅಲ್ಲಿಲ್ಲ. ಒಂಟಿ ಹೆಂಗಸಿನ ಪಕ್ಕದ ಸೀಟು ಇನ್ನೊಬ್ಬ ಹೆಂಗಸಿಗೇ. ನಮ್ಮ ಖಾಸಗಿ ಬಸ್ಸುಗಳ ಬುಕಿಂಗ್ ಆ್ಯಪ್‌ನಲ್ಲಿ ಗುಲಾಬಿ ಸೀಟು ಕಂಡವರಿಗೆ ಇದೇನೂ ಹೊಸದಲ್ಲ. ಇಸ್ತಾಂಬುಲ್‌ನ ಕೆಲವು ಹಳೇ ಊಟದ ಹೋಟೆಲುಗಳಲ್ಲಿ ಮಹಡಿ ಮೆಟ್ಟಿಲ ಬಳಿ 'ಐಲೆ ಸಲೋನು' ಎಂಬ ಬೋರ್ಡೂ ಇರುತ್ತದೆ. ನಮ್ಮ ಫ್ಯಾಮಿಲಿ ರೂಮೇ ಅದು. ಒಬ್ಬಳೇ ಹೋದರೂ ಹೆಂಗಸೆಂದರೆ ಫ್ಯಾಮಿಲಿ! ಬೀದಿ ಕಾಣುವ ಕಿಟಕಿ ಪಕ್ಕದ ಟೇಬಲ್ ಖಾಲಿಯಿದ್ದರೂ ಮಾಣಿಯ ಕೈ ಮೆಟ್ಟಿಲ ಕಡೆಗೇ ಹೋಗುತ್ತದೆ.

ಇದನ್ನು ಬರೀ ದೂರಾಗಿ ಹೇಳುತ್ತಿಲ್ಲ. ಭಾಷೆ ಬಾರದ ದೇಶದಲ್ಲಿ ರಾತ್ರಿ ಬಸ್ಸು ಹತ್ತಿದಾಗ, ತಲೆಗೆ ಬಣ್ಣದ ಸ್ಕಾರ್ಫ್ ಕಟ್ಟಿದ ಅಜ್ಜಿಯೊಬ್ಬರು ಪಕ್ಕದಲ್ಲಿ ಬಂದು ಕೂತರೆ ಆಗುವ ನೆಮ್ಮದಿಯನ್ನು ಯಾವ ಸಿದ್ಧಾಂತಕ್ಕೂ ಬಿಟ್ಟುಕೊಡಲಾರೆ. ಬಸ್ಸಿನ ಹುಡುಗ ಬಂದು ಅಂಗೈಗೆ ನಿಂಬೆ ವಾಸನೆಯ ಕೊಲೋನ್ ಸುರಿಯುತ್ತಾನೆ. ಅಜ್ಜಿ ಅದನ್ನು ಕೈಗೆ ತಿಕ್ಕಿಕೊಂಡು, ಕತ್ತಿಗೂ ಸವರಿಕೊಂಡು, ನೀನೂ ಹೀಗೆ ಮಾಡು ಎಂದು ಸನ್ನೆ ಮಾಡುತ್ತಾರೆ. ಆಮೇಲೆ ನಿದ್ದೆ ತಾನಾಗಿ ಬರುತ್ತದೆ.

ಒಬ್ಬಳೇ ಹೊರಡುವವಳಿಗೆ ಸಿಗುವ ಬುದ್ಧಿಮಾತುಗಳ ಪಟ್ಟಿ ದೊಡ್ಡದು. ರೂಮಿನ ಬಾಗಿಲ ಬೋಲ್ಟು ನೋಡು, ಫೋನಿನ ಚಾರ್ಜ್ ಇಳಿಯಲು ಬಿಡಬೇಡ, ಕತ್ತಲಾಗುವ ಮೊದಲು ರೂಮು ಸೇರು. ಇವುಗಳಲ್ಲಿ ನನಗೆ ತಮಾಷೆಯೆನಿಸುವುದು ಸುಳ್ಳು ಗಂಡ. ಇಸ್ತಾಂಬುಲ್‌ನ ಸುಲ್ತಾನಹ್ಮೆತ್‌ನ ಕಾರ್ಪೆಟ್ ಅಂಗಡಿಯವರು ಚಹಾ ಕುಡಿಯಲು ಕರೆದು, ಒಬ್ಬರೇ ಬಂದಿದ್ದೀರಾ ಎಂದು ವಿಚಾರಿಸಿದ ಕೂಡಲೇ ಈ ಗಂಡ ಹುಟ್ಟಿಕೊಳ್ಳುತ್ತಾನೆ. ಪಾಪ, ಅವನಿಗೆ ಯಾವಾಗಲೂ ತಲೆನೋವು, ಹೋಟೆಲಿನಲ್ಲಿ ಮಲಗಿರುತ್ತಾನೆ. ಇಲ್ಲದಿದ್ದರೂ ಇವನಷ್ಟು ಉಪಕಾರಿ ಇನ್ನೊಬ್ಬನಿಲ್ಲ.

ಈ ಗಂಡನ ಹಂಗಿಲ್ಲದ ಜಾಗವೊಂದು ಆ ಊರಿನಲ್ಲಿದೆ, ಹಡಗು. ಕಾಡಿಕೊಯ್‌ನಿಂದ ಬೆಶಿಕ್ತಾಶ್‌ಗೆ, ಅಂದರೆ ಏಷ್ಯಾದ ದಡದಿಂದ ಯುರೋಪಿನ ದಡಕ್ಕೆ, ಅರ್ಧ ಗಂಟೆಯೊಳಗಿನ ಪಯಣ. ಗೇಟಿನಲ್ಲಿ ಕಾರ್ಡು ತೋರಿಸಿ ಹತ್ತಿದರೆ ಮುಗಿಯಿತು. ಕಚೇರಿಯವರು, ಕಾಲೇಜು ಹುಡುಗರು, ತರಕಾರಿ ಚೀಲದವರು, ಎಲ್ಲರೂ ನೀರಿನ ಕಡೆ ಮುಖ ಮಾಡಿ ಕೂರುತ್ತಾರೆ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟದಲ್ಲಿ ಚಹಾ ಬರುತ್ತದೆ. ಎಳ್ಳು ಮೆತ್ತಿದ, ಬಳೆಯಾಕಾರದ ಸಿಮಿತ್ ಬ್ರೆಡ್ಡಿನಿಂದ ಚೂರು ಮುರಿದು ಎಸೆದರೆ ಕಡಲಹಕ್ಕಿ ಗಾಳಿಯಲ್ಲೇ ಹಿಡಿಯುತ್ತದೆ. ಯಾಕೆ ಬಂದೆ, ಯಾರ ಜೊತೆ ಬಂದೆ ಎಂದು ಕೇಳುವವರಿಲ್ಲ. ಹಡಗಿನಲ್ಲಿ ಎಲ್ಲರೂ ಎಲ್ಲಿಗೋ ಹೋಗುತ್ತಿರುವವರೇ, ಹಾಗಾಗಿ ಸುಮ್ಮನೆ ಕೂತವಳ ಮೇಲೂ ಅನುಮಾನ ಬರುವುದಿಲ್ಲ. ಒಟೊಮನ್ನರ ಕಾಲದಲ್ಲಿ ಇಲ್ಲಿನ ಹಡಗು, ಟ್ರಾಮುಗಳಲ್ಲಿ ಹೆಂಗಸರಿಗೆ ಪರದೆ ಕಟ್ಟಿದ ಭಾಗ ಬೇರೆಯೇ ಇತ್ತು. 1923ರಲ್ಲಿ ಗಣರಾಜ್ಯ ಬಂದ ಹೊಸತರಲ್ಲಿ ಅದನ್ನು ತೆಗೆದರು.

ದಾರಿಯಲ್ಲಿ ಉಸ್ಕುದಾರ್ ದಡದ ಹತ್ತಿರ, ನೀರಿನ ನಡುವೆ ಒಂದು ಗೋಪುರ ಕಾಣುತ್ತದೆ. ಹೆಸರು ಕಿಜ್ ಕುಲೆಸಿ, ಹುಡುಗಿಯ ಗೋಪುರ. ಅದರ ಕಥೆ ಕೇಳಿದ ಕನ್ನಡದವರು ಬೆಚ್ಚದೆ ಇರಲಾರರು. ಮಗಳು ಹದಿನೆಂಟು ತುಂಬುವ ಹೊತ್ತಿಗೆ ಹಾವು ಕಚ್ಚಿ ಸಾಯುತ್ತಾಳೆ ಎಂದು ರಾಜನಿಗೆ ಯಾರೋ ಭವಿಷ್ಯ ಹೇಳುತ್ತಾರೆ. ನೀರು ದಾಟಿ ಹಾವು ಬರಲಾರದೆಂದು ರಾಜ ಅವಳನ್ನು ಈ ಗೋಪುರದಲ್ಲಿ ಇರಿಸುತ್ತಾನೆ. ಹುಟ್ಟುಹಬ್ಬಕ್ಕೆ ಅವನೇ ಹಣ್ಣಿನ ಬುಟ್ಟಿ ತಂದುಕೊಡುತ್ತಾನೆ, ಹಾವು ಅದರೊಳಗೇ ಇರುತ್ತದೆ. ನಮ್ಮ ಪರೀಕ್ಷಿತ ರಾಜನ ಒಂಟಿಕಂಬದ ಅರಮನೆಗೆ ತಕ್ಷಕ ಹೋದದ್ದೂ ಹಣ್ಣಿನಲ್ಲಿ ಹುಳುವಾಗಿ! ಯಾರು ಯಾರಿಂದ ಕೇಳಿದರೋ, ಗೊತ್ತುಮಾಡಿಕೊಳ್ಳುವ ಗೋಜಿಗೆ ನಾನು ಹೋಗಿಲ್ಲ. ಒಂದು ವ್ಯತ್ಯಾಸ ಮಾತ್ರ ಚುಚ್ಚುತ್ತದೆ. ಪರೀಕ್ಷಿತನಿಗೆ ಏಳು ದಿನ ಭಾಗವತ ಕೇಳುವ ಕೆಲಸವಾದರೂ ಇತ್ತು. ಈ ಹುಡುಗಿ ಅಷ್ಟೂ ವರ್ಷ ಏನು ಮಾಡುತ್ತಿದ್ದಳು ಎಂದು ಕಥೆ ಹೇಳುವುದೇ ಇಲ್ಲ. ಕಾಪಾಡಿಸಿಕೊಳ್ಳುವುದೇ ಅವಳ ಉದ್ಯೋಗ.

ಕಾಪಾಡುವ ಮಾತು ಬಂದಿದ್ದಕ್ಕೆ ಹೇಳಬೇಕು, ಹೆಣ್ಣಿನ ಮೇಲಿನ ಹಿಂಸೆಯನ್ನು ತಡೆಯುವ ಯುರೋಪಿನ ಒಪ್ಪಂದಕ್ಕೆ ಇದೇ ಇಸ್ತಾಂಬುಲ್‌ನ ಹೆಸರು. 2011ರಲ್ಲಿ ಇಲ್ಲೇ ಸಹಿ ಬಿತ್ತು, ಮೊದಲು ಅನುಮೋದಿಸಿದ್ದೂ ಟರ್ಕಿಯೇ. 2021ರ ಜುಲೈ 1ರಂದು ಅದೇ ದೇಶ ಅದರಿಂದ ಹೊರನಡೆಯಿತು, ಹೆಂಗಸರು ಬೀದಿಗಿಳಿದು ಕೂಗಿದರೂ. ನಡುವೆ, 2015ರಲ್ಲಿ, ಮೆರ್ಸಿನ್ ಪ್ರಾಂತ್ಯದಲ್ಲಿ ಮನೆಗೆ ಹೋಗಲು ಮಿನಿಬಸ್ ಹತ್ತಿದ ವಿದ್ಯಾರ್ಥಿನಿಯ ಕೊಲೆಯಾಯಿತು. ಅಲ್ಲಿನ ಹಲವು ನಗರಗಳ ಬಸ್ಸುಗಳಲ್ಲಿ ಈಗ ಒಂದು ಪದ್ಧತಿಯಿದೆ. ರಾತ್ರಿ ಹೊತ್ತಾದ ಮೇಲೆ ಹೆಂಗಸರು ಸ್ಟಾಪಿಗೆ ಕಾಯದೆ, ದಾರಿಯಲ್ಲಿ ತಮಗೆ ಬೇಕಾದಲ್ಲಿ ಇಳಿಯಬಹುದು. ಮೀಸಲು ಸೀಟಿಗಿಂತ ಇದು ನನಗೆ ಇಷ್ಟ. ಎಲ್ಲಿ ಕೂರಬೇಕೆಂದು ಇದು ಹೇಳುವುದಿಲ್ಲ, ಎಲ್ಲಿ ಇಳಿಯುತ್ತೀ ಎಂದು ಕೇಳುತ್ತದೆ.

2023ರ ಜೂನ್‌ನಲ್ಲಿ ನಮ್ಮ ಕರ್ನಾಟಕದಲ್ಲಿ 'ಶಕ್ತಿ' ಯೋಜನೆ ಶುರುವಾಗಿ ಸರ್ಕಾರಿ ಬಸ್ಸುಗಳು ಹೆಂಗಸರಿಗೆ ಪುಕ್ಕಟೆಯಾದಾಗ, ಧರ್ಮಸ್ಥಳಕ್ಕೆ ಹೋಗುವ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಖರ್ಚಿನ ಬಗ್ಗೆ ಎದ್ದ ತಕರಾರು ಬೇರೆ, ಅದು ನ್ಯಾಯವಾದ ಚರ್ಚೆ. ಬಸ್‌ಸ್ಟ್ಯಾಂಡುಗಳಲ್ಲಿ ಹೆಚ್ಚು ಕೇಳಿಸಿದ್ದು ಇನ್ನೊಂದು ಗೊಣಗಾಟ: 'ಕೆಲಸ ಇಲ್ದೆ ಸುತ್ತೋಕೆ ಹೊರಟಿದಾರೆ ನೋಡಿ.' ಗಂಡಸರು ಕಟ್ಟೆಯ ಮೇಲೆ, ಚಹಾದಂಗಡಿಯ ಮುಂದೆ ಕೂತು ಇದನ್ನು ಹೇಳುತ್ತಿದ್ದರು. ಅವರಿಗೂ ಆ ಹೊತ್ತಿನಲ್ಲಿ ಬೇರೆ ಕೆಲಸವೇನೂ ಇದ್ದ ಹಾಗೆ ಕಾಣಲಿಲ್ಲ.