ಗುಪ್ತದಾನ ಯಾರಿಂದ ಗುಪ್ತ?

ಹಾಡಿಗೆ ನಿಲ್ಲುವ ಮೊದಲು ಕೂಡಿದ ದೈವಕ್ಕೆ ಶರಣು ಅನ್ನುವುದು ನಮ್ಮ ಗೀಗೀ ಮೇಳದ ರೂಢಿ. ಇಲ್ಲಿ ದೈವ ಅಂದರೆ ಗುಡಿಯೊಳಗಿನ ದೇವರಲ್ಲ, ಕಟ್ಟಿಯ ಸುತ್ತ ಕುಂತ ಮಂದಿ. ಜತ್ತ ತಾಲೂಕಿನ ನಮ್ಮ ಕಡೆಯೂ ಗಡಿಯಾಚೆ ವಿಜಯಪುರದ ಕಡೆಯೂ ಊರು ಕೂಡಿ ಒಂದು ಮಾತು ಆಡಿತೆಂದರೆ ‘ದೈವ ಹೇಳೈತಿ’ ಅಂತಾರೆ. ನಿಮಗೆಲ್ಲ ಗೊತ್ತಿದ್ದ ಶಬ್ದವೇ. ಆದರೂ ಮೊದಲಿಗೇ ಹೇಳಿದೆ, ಯಾಕಂದರೆ ಮುಂದೆ ಅದರ ಕೆಲಸ ಐತಿ.

ಹೋದ ವರ್ಷ ಜೋಳದ ರಾಶಿ ಮುಗಿದ ಮೇಲೆ ನಮ್ಮ ವಾಚನಾಲಯದ ಹುಡುಗರು ಒಂದು ಅರ್ಜಿ ಬರೆದರು. ಗ್ರಾಮಸಭೆಗೆ ಕೊಡುವ ಅರ್ಜಿ. ಚುನಾವಣೆಗೆ ನಿಲ್ಲುವವರು ಊರ ಗುಡಿಗೆ, ಜಾತ್ರೆಗೆ, ತರುಣ ಮಂಡಳಕ್ಕೆ, ಭಜನಿ ಮೇಳಕ್ಕೆ ಏನೇನು ಕೊಟ್ಟರೋ ಅದನ್ನೆಲ್ಲ ಹೆಸರು, ಮೊತ್ತ, ತಾರೀಖು ಸಮೇತ ವಾಚನಾಲಯದ ಹಲಗೆ ಮೇಲೆ ಬರೀಬೇಕು, ಅಷ್ಟೇ ಅದರಾಗಿನ ಮಾತು. ಕನ್ನಡದಾಗ ಒಂದು ಪ್ರತಿ, ಗ್ರಾಮಸೇವಕರಿಗೆ ಅಂತ ಮರಾಠಿಯಾಗ ಒಂದು ಪ್ರತಿ. ಸಹಿ ಮಾಡಿಸಲಿಕ್ಕೆ ಬಂದವಳು ಹತ್ತನೇ ಇಯತ್ತೆ ಮುಗಿಸಿದ ಹುಡುಗಿ. ‘ಮುತ್ಯಾ, ಮೊದಲನೇ ಸಹಿ ನಿಂದೇ ಇರಲಿ’ ಅಂದಳು.

ನಾನು ಪೆನ್ನು ಹಿಡಿದು ಕುಂತೆ. ಸಹಿ ಮಾಡಲಿಲ್ಲ. ‘ನಾಳೆ ಬಾರವ್ವ’ ಅಂದೆ.

ಕಾರಣ ಹೇಳಬೇಕು. ನಮ್ಮ ಹಾಡಿಕಿಯಾಗ ಹರದೇಶಿ ಅಂತ ಒಂದು ಪಕ್ಷ, ನಾಗೇಶಿ ಅಂತ ಇನ್ನೊಂದು. ಗಂಡು ಹೆಚ್ಚು ಅಂತ ಅವರು, ಹೆಣ್ಣು ಹೆಚ್ಚು ಅಂತ ಇವರು, ಬೆಳತನಕ ಸವಾಲು ಜವಾಬು ನಡೀತದ. ಅದು ಕಲೆ. ಆದರೆ ಒಂದು ಚುನಾವಣೆಯಾಗ ನಾನು ಮಾಡಿದ್ದು ಕಲೆ ಅಲ್ಲ. ಒಬ್ಬರ ಜೀಪಿನಾಗ ಕುಂತು ಅವರ ಗುಣ ಹಾಡಿದೆ. ನಾಲ್ಕು ದಿನ ಬಿಟ್ಟು ಅವರ ಎದುರಾಳಿಯ ಸಭೆಯಾಗ ಅದೇ ಮಟ್ಟಿನಾಗ ಹೆಸರು ಬದಲು ಮಾಡಿ ಹಾಡಿದೆ. ಹಾಡಿದ್ದಕ್ಕೆ ಸಿಕ್ಕ ಕೂಲಿ ಕೂಲಿನೇ, ಅದರ ಮಾತು ಬಿಡ್ರಿ. ಮತದಾನದ ಹಿಂದಿನ ರಾತ್ರಿ ಬಂದ ಲಕೋಟಿ ಬ್ಯಾರೆ. ‘ನಿನ್ನ ಮೇಳದವರ ಮನಿ ಓಟು ನಿನ್ನ ಜವಾಬ್ದಾರಿ’ ಅಂದು ಕೈಯಾಗ ಇಟ್ಟು ಹೋದರು. ಐದು ಸಾವಿರ ಇತ್ತು. ಆ ವರ್ಷ ಮಳಿ ಇರಲಿಲ್ಲ, ದನಕ್ಕೆ ಕಣಿಕಿ ತಂದೆ. ತಾಳದವನಿಗೂ ಹೇಳಲಿಲ್ಲ, ತುಂತುಣಿಯವನಿಗೂ ಹೇಳಲಿಲ್ಲ. ಹೇಳಿದ್ದರೆ ಪಾಲು ಕೊಡಬೇಕಾಗಿತ್ತು.

ಓಟಿಗೆ ರೊಕ್ಕ ಕೊಟ್ಟವನಷ್ಟೇ ತಪ್ಪುಗಾರ ಅಂತ ನಮ್ಮ ಮಂದಿ ತಿಳಿದಾರೆ. ಕಾನೂನು ಹಂಗಿಲ್ಲ. ಕೊಟ್ಟವನೂ ತಗೊಂಡವನೂ ಇಬ್ಬರೂ ಅಪರಾಧಿಗಳೇ ಅಂತ ಹಳೇ ದಂಡ ಸಂಹಿತೆಯಾಗೇ ಇತ್ತು, ಈಗಿನ ಹೊಸದರಾಗೂ ಐತಿ. ಹಂಗಾದ ಮೇಲೆ, ತಗೊಂಡ ಕೈಲೆ ರೊಕ್ಕದ ವಿರುದ್ಧ ಸಹಿ ಹೆಂಗ ಮಾಡಲಿ? ಆ ರಾತ್ರಿ ನಿದ್ದಿ ಬರಲಿಲ್ಲ. ನನ್ನೊಳಗೆ ಹರದೇಶಿ ನಾಗೇಶಿ ಎರಡೂ ಶುರುವಾದವು.

ಒಂದು ಪಕ್ಷ ಅಂತು, ‘ಕೊಟ್ಟದ್ದನ್ನ ಸಾರಿ ಹೇಳೋದು ಯಾವ ಧರ್ಮ? ಗುಪ್ತದಾನ ಎಲ್ಲಕ್ಕೂ ದೊಡ್ಡದು ಅಂತ ಹಿರಿಯರು ಹೇಳಿಲ್ಲೇನು?’ ಖರೇ ಮಾತು. ನಮ್ಮ ತಾಲೂಕಿನ ಗುಡ್ಡಾಪುರಕ್ಕೆ ದಾನಮ್ಮನ ದರ್ಶನಕ್ಕೆ ಕರ್ನಾಟಕದಿಂದ ಮಂದಿ ನಡಕೊಂತ ಬರತಾರೆ. ಆಕಿಯ ಹೆಸರಿನಾಗೇ ದಾನ ಐತಿ. ಹುಂಡಿಯಾಗ ಹಾಕಿದವರು ಹೆಸರು ಬರೆಯುವುದಿಲ್ಲ, ಪಾವತಿ ಕೇಳುವುದಿಲ್ಲ. ಅದನ್ನು ತಪ್ಪು ಅನ್ನುವ ನಾಲಿಗೆ ಯಾರಿಗೈತಿ?

ಇದೇ ಹೆಸರಿನ ಆಸರಕ್ಕೆ ದಿಲ್ಲಿಯಾಗ ಒಂದು ಕಾಯ್ದೆ ಬಂದಿತ್ತು. ಚುನಾವಣಾ ಬಾಂಡು ಅಂತ. 2017ರ ಬಜೆಟ್ಟಿನ ಕಾಯ್ದೆಯಾಗ ಕೂಡಿಸಿ, 2018ರ ಜನವರಿಯಾಗ ಜಾರಿಗೆ ತಂದರು. ಸ್ಟೇಟ್ ಬ್ಯಾಂಕಿನಾಗ ಮಾತ್ರ ಸಿಗುತ್ತಿತ್ತು, ಸಾವಿರ ರೂಪಾಯಿಯಿಂದ ಒಂದು ಕೋಟಿವರೆಗೆ. ಕಂಪನಿಯವರು ಕೊಂಡು ಪಕ್ಷಕ್ಕೆ ಕೊಡಬಹುದು, ಯಾರು ಯಾರಿಗೆ ಕೊಟ್ಟರು ಅಂತ ಜನಕ್ಕೆ ಹೇಳಬೇಕಾಗಿಲ್ಲ. ಮೊದಲು ಒಂದು ಕಂಪನಿ ಹಿಂದಿನ ಮೂರು ವರ್ಷದ ಲಾಭದ ಸರಾಸರಿ ತೆಗೆದು ಅದರ ನೂರಕ್ಕೆ ಏಳೂವರೆಗಿಂತ ಹೆಚ್ಚು ಕೊಡುವಂತಿರಲಿಲ್ಲ. ಆ ಮಿತಿಯನ್ನೂ ಕಿತ್ತು ಒಗೆದರು. ನಷ್ಟದಾಗಿದ್ದ ಕಂಪನಿಯೂ ಕೊಡಬಹುದು ಅಂತಾತು. ನಷ್ಟದಾಗಿರುವವ ಯಾಕೆ ದಾನ ಮಾಡತಾನ? ನಾನು ನಷ್ಟದಾಗಿದ್ದಾಗ ಕಣಿಕಿ ಸಾಲ ತಂದೀನಿ, ದಾನ ಮಾಡಿಲ್ಲ. ಮೂವತ್ತು ಸಾವಿರ ಪೀಕಸಾಲ ಕೇಳಲಿಕ್ಕೆ ಹೋದರೆ ನನ್ನ ಸಾತಬಾರಾ ಉತಾರಾ ತಾ, ಬೇರೆ ಸೊಸಾಯಟಿಯಾಗ ಬಾಕಿ ಇಲ್ಲ ಅಂತ ಪತ್ರ ತಾ, ಜಾಮೀನುದಾರನ ಸಹಿ ತಾ ಅಂತಾರೆ. ನನ್ನ ಗುಟ್ಟು ಒಂದೂ ಗುಟ್ಟಲ್ಲ.

ಹುಂಡಿಗೂ ಬಾಂಡಿಗೂ ಏನು ಫರಕು ಅಂತ ಆ ರಾತ್ರಿ ಬಹಳ ಹೊತ್ತು ತಿಳಿಯಲಿಲ್ಲ. ಎರಡರಾಗೂ ಹೆಸರು ಮುಚ್ಚೈತಿ. ಆಮೇಲೆ ಹೊಳೀತು. ಹುಂಡಿಯ ರೊಕ್ಕ ಎಣಿಸುವ ಪೂಜಾರಿಗೆ ಕೊಟ್ಟವ ಯಾರು ಅಂತ ಗೊತ್ತಿಲ್ಲ. ಅದಕ್ಕೇ ಆತ ಕೊಟ್ಟವನಿಗೆ ಏನೂ ತಿರುಗಿ ಮಾಡಲಾರ, ಮಂಗಳಾರತಿ ಎಲ್ಲರಿಗೂ ಒಂದೇ. ಬಾಂಡಿನಾಗ ಹಂಗಲ್ಲ. ಕೊಟ್ಟವನಿಗೆ ಗೊತ್ತು, ತಗೊಂಡ ಪಕ್ಷಕ್ಕೂ ಬೇಕಾದರೆ ಗೊತ್ತಾಗುತ್ತದ. ಗೊತ್ತಿಲ್ಲದಿರುವುದು ದೈವಕ್ಕೆ ಮಾತ್ರ, ಅಂದರೆ ಕಟ್ಟಿಯ ಸುತ್ತ ಕುಂತ ನಮಗೆ. ನನ್ನ ಲಕೋಟಿಯೂ ಅದೇ ಜಾತಿದು. ಕೊಟ್ಟವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ನನ್ನ ಮೇಳಕ್ಕೆ ಗೊತ್ತಿರಲಿಲ್ಲ. ಮೊತ್ತ ಸಣ್ಣದು ಅನ್ನುವುದೊಂದೇ ವ್ಯತ್ಯಾಸ, ಅದೂ ನನಗೆ ಹೆಚ್ಚು ಸಿಗಲಿಲ್ಲ ಅಂತ.

ಆ ಬಾಂಡನ್ನು ಬಿಡಿಸಿದ್ದೂ ಅರ್ಜಿಯೇ. ಎಡಿಆರ್, ಕಾಮನ್ ಕಾಜ್ ಅನ್ನುವ ಸಂಸ್ಥೆಗಳು 2017ರಾಗೇ ಸುಪ್ರೀಂ ಕೋರ್ಟಿಗೆ ಹೋಗಿದ್ದವು. 2019ರ ಲೋಕಸಭೆ ಚುನಾವಣೆ ಬಂತು, ಹೋತು, ಬಾಂಡು ನಿಲ್ಲಲಿಲ್ಲ. ಕಡೆಗೆ 2024ರ ಫೆಬ್ರುವರಿ 15ಕ್ಕೆ ಐದು ನ್ಯಾಯಮೂರ್ತಿಗಳು ಒಂದೇ ಮಾತಿನಿಂದ ಅದನ್ನು ರದ್ದು ಮಾಡಿದರು. ಅಷ್ಟೊತ್ತಿಗೆ ಹದಿನಾರು ಸಾವಿರ ಕೋಟಿಗೂ ಮೇಲೆ ಹೋಗಿ ಮುಟ್ಟಿತ್ತು. ಹೆಸರು ಹೊರಗೆ ಬಂದಾಗ ಪೇಪರಿನಾಗ ಓದಿದೆವು. ಓಟು ಹಾಕುವವನಿಗೆ ತಿಳಿಯುವ ಹಕ್ಕು ಐತಿ ಅಂತ ತೀರ್ಪಿನ ತಿರುಳು.

ಅದೇ ಎಡಿಆರ್ ಕಥಿ ಇನ್ನೂ ಹಳೇದು. 1999ರಾಗ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಕೂಡಿ, ಚುನಾವಣೆಗೆ ನಿಲ್ಲುವವ ತನ್ನ ಮೇಲಿನ ಖಟ್ಲೆ, ಆಸ್ತಿ, ಸಾಲ, ಓದು ಎಲ್ಲ ಬರೆದು ಕೊಡಬೇಕು ಅಂತ ಅರ್ಜಿ ಹಾಕಿದರು. 2002ರ ಮೇ ತಿಂಗಳಾಗ ಕೋರ್ಟು ಹೌದು ಅಂತು. ಆಗ ನೋಡ್ರಿ ಮಜಾ, ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳೆಲ್ಲ ಒಂದಾದವು. ಕಾಯ್ದೆ ತಿದ್ದಿ ಆ ತೀರ್ಪಿನ ಹಲ್ಲು ಕೀಳಲಿಕ್ಕೆ ಹೋದವು. ಅರ್ಜಿದಾರರು ಮತ್ತೆ ಹೋದರು. 2003ರ ಮಾರ್ಚಿನಾಗ ಆ ತಿದ್ದುಪಡಿಯೂ ಬಿತ್ತು. ಈಗ ಪ್ರತಿ ಚುನಾವಣೆಗೆ ನಾವು ‘ಅವನ ಆಸ್ತಿ ಇಷ್ಟು ಕೋಟಿ ಅಂತ’ ಅಂದು ಚಹಾದ ಅಂಗಡಿಯಾಗ ಮಾತಾಡತೀವಲ್ಲ, ಅದು ಆ ಅರ್ಜಿಯ ಫಲ.

ಅರ್ಜಿ ಅಂದರೆ ನಮ್ಮ ಕಡೆ ನಗತಾರೆ, ಅದೂ ಸುಳ್ಳಲ್ಲ. ಪೂರ್ವ ಭಾಗದ ಹಳ್ಳಿಗಳು ಕೃಷ್ಣೆಯ ನೀರಿಗಾಗಿ ಎಷ್ಟು ನಿವೇದನ ಬರೆದಾವೆ! ಬರೆದವ ಮರಾಠಿ ಬಲ್ಲವ, ಹೆಬ್ಬಟ್ಟು ಒತ್ತಿದವರು ಕನ್ನಡದವರು, ಒಳಗೆ ಏನೈತಿ ಅಂತ ಅವರಿಗೇ ಗೊತ್ತಿಲ್ಲ. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗತೀವಿ ಅಂತ ಠರಾವು ಮಾಡಿದಾಗಲೂ ಕಾಗದ ಮಲಗೇ ಇತ್ತು. 2022ರಾಗ ಮುಖ್ಯಮಂತ್ರಿ ಬೊಮ್ಮಾಯಿಯವರು ಅದನ್ನ ಎತ್ತಿ ಆಡಿದ ಮೇಲೆ ಮುಂಬೈಗೆ ಎಚ್ಚರಾತು. ಕಾಗದಕ್ಕೆ ತಾನಾಗಿ ಕಾಲಿಲ್ಲ. ಬಾಂಡು ಹೋದರೂ ದಾರಿ ಪೂರಾ ಮುಚ್ಚಿಲ್ಲ. 20,000ಕ್ಕಿಂತ ಹೆಚ್ಚು ಕೊಟ್ಟವರ ಹೆಸರನ್ನಷ್ಟೇ ಪಕ್ಷ ಆಯೋಗಕ್ಕೆ ತಿಳಿಸಬೇಕು. ಅಭ್ಯರ್ಥಿಯ ಖರ್ಚಿಗೆ ಮಿತಿ ಐತಿ, ವಿಧಾನಸಭೆಗೆ ನಮ್ಮಂಥ ದೊಡ್ಡ ರಾಜ್ಯದಾಗ 40 ಲಕ್ಷ. ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಮೂರು ಕಡೆ ಬೇಲಿ ಹಾಕಿ ಒಂದು ಕಡೆ ಬಿಟ್ಟ ಹೊಲದಾಗ ದನ ಹೋಗೋದಿಲ್ಲೇನು?

ಇನ್ನೊಂದು ಸವಾಲು ಉಳಿದಿತ್ತು. ಎಲ್ಲ ಬಯಲಿಗೆ ಬಂದರೆ ಸಾಕೇನು? 2021ರ ಗ್ರಾಮಪಂಚಾಯತಿ ಚುನಾವಣೆಯಾಗ ನಾಸಿಕ ಜಿಲ್ಲೆಯ ಉಮರಾಣೆ, ನಂದುರಬಾರ ಜಿಲ್ಲೆಯ ಖೊಂಡಾಮಳಿ, ಈ ಎರಡು ಊರಾಗ ಊರಗಾರಿಕೆಯನ್ನೇ ಲಿಲಾವು ಮಾಡಿದ ಸುದ್ದಿ ಬಂತು. ಉಮರಾಣೆಯಾಗ ಎರಡು ಕೋಟಿಗೂ ಮೇಲೆ ಕೂಗಿದರಂತೆ, ಗುಡಿ ಕೆಲಸಕ್ಕಂತ. ಕದ್ದು ಮಾಡಿದ್ದಲ್ಲ, ದೈವದ ಎದುರಿಗೇ ಮಾಡಿದ್ದು. ರಾಜ್ಯ ಚುನಾವಣಾ ಆಯೋಗ ಎರಡೂ ಊರಿನ ಚುನಾವಣೆ ರದ್ದು ಮಾಡಿತು. ನಮ್ಮ ಕಟ್ಟಿ ಮೇಲೆ ಆಗ ವಾದ ಜೋರಾಗಿತ್ತು. ದೇವರಿಗೆ ಹೋಗುವ ರೊಕ್ಕ, ಊರಿಗೆ ಗುಡಿ ಆಗುತ್ತದ, ತಪ್ಪೇನು ಅಂತ ನಾನೇ ಅಂದಿದ್ದೆ. ಈಗ ಹಂಗ ಅನ್ನಲಾರೆ. ಆ ಲಿಲಾವಿನಾಗ ಕೂಗಲಿಕ್ಕೆ ರೊಕ್ಕ ಇಲ್ಲದವ ದೈವದಾಗ ಕುಂತಿದ್ದರೂ ದೈವದಾಗ ಇರಲಿಲ್ಲ. ಗುಡಿ ಎದ್ದರೂ ಅವನ ಓಟು ಕಲ್ಲಿನ ಕೆಳಗೆ ಹೋತು. ಹಲಗೆ ಮೇಲೆ ಬರೆದ ಮಾತ್ರಕ್ಕೆ ಮಾರಾಟ ದಾನ ಆಗುವುದಿಲ್ಲ. ಆದರೆ ಬರೆದಿದ್ದರಿಂದಲೇ ಅದು ಮಾರಾಟ ಅಂತ ನಮಗೆಲ್ಲ ತಿಳೀತು, ಆಯೋಗಕ್ಕೂ ತಿಳೀತು. ಕತ್ತಲಾಗ ನಡೆದಿದ್ದರೆ ಅಷ್ಟೂ ಇಲ್ಲ.

ಮರುದಿನ ಹುಡುಗಿ ಬಂದಳು. ನಾನು ನನ್ನ ಲಕೋಟಿಯ ಸಂಗತಿ ಹೇಳಿದೆ. ‘ನನ್ನಂಥವ ಸಹಿ ಮಾಡಿದರೆ ಅರ್ಜಿ ಮೈಲಿಗೆ ಆಗುತ್ತದ’ ಅಂದೆ. ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಮುತ್ಯಾ, ತಗೊಳ್ಳದವರ ಸಹಿ ಅಷ್ಟೇ ಬೇಕಂದರ ಈ ಹಾಳಿ ಖಾಲಿನೇ ಉಳೀತದ’ ಅಂದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಹಿ ಮಾಡಿದೆ. ಶುದ್ಧ ಇದ್ದೀನಿ ಅಂತ ಮಾಡಿದ್ದಲ್ಲ. ಬಾಂಡಿನಾಗ ರೊಕ್ಕ ಇತ್ತು, ಹೆಸರಿರಲಿಲ್ಲ. ಅರ್ಜಿಯಾಗ ಹೆಸರೈತಿ, ರೊಕ್ಕ ಇಲ್ಲ. ಆ ಒಂದು ಕಡೆಯಾದರೂ ನನ್ನ ಹೆಸರು ದೈವಕ್ಕೆ ಕಾಣುವಂತಿರಲಿ ಅಂತ ಮಾಡಿದೆ. ಹಿಂಗ ಹೇಳಿ ನನ್ನ ತಪ್ಪಿನಿಂದ ಜಾರಿಕೊಳ್ಳುತ್ತಿದ್ದೀನೋ ಏನೋ, ಓದಿದವರು ಹೇಳಬೇಕು.

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಹುಡುಗರು ಕಾಯಲಿಲ್ಲ, ವಾಚನಾಲಯದ ಗೋಡೆಗೆ ಕರೇ ಹಲಗೆ ಹೊಡೆದರು. ಮೂರು ದಿನ ಅದು ಖಾಲಿ ಇತ್ತು. ನಾಲ್ಕನೇ ದಿನ ನಾನೇ ಸುಣ್ಣದ ಕಡ್ಡಿ ಕೇಳಿ ತಗೊಂಡು ಮೇಲಿನ ಸಾಲಿಗೆ ನನ್ನ ಹೆಸರು ಬರೆದೆ, ಮುಂದೆ ಐದು ಸಾವಿರ, ಅದರ ಮುಂದೆ ವರ್ಷ. ಸಂಜಿಗೆ ತುಂತುಣಿಯವ ಪೇಪರ್ ಓದಲಿಕ್ಕೆ ಬಂದ. ಹಲಗೆಯ ಎದುರು ಬಹಳ ಹೊತ್ತು ನಿಂತ. ಮೂವತ್ತು ವರ್ಷ ನನ್ನ ಬೆನ್ನ ಹಿಂದೆ ಸೊಲ್ಲು ಹಿಡಿದವ ಅವ. ನನ್ನ ಕಡೆ ತಿರುಗಿ, ‘ಅಣ್ಣಾ, ಇದರಾಗ ನನ್ನ ಪಾಲು ಎಷ್ಟಾತು?’ ಅಂದ.