ಪರಿಚಯಪತ್ರವಿಲ್ಲದವರು



ಶರನ್ನವರಾತ್ರಿಯ ಈ ಪುಣ್ಯಕಾಲದಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನವನ್ನು ಸ್ಮರಿಸುವುದು ಅಪ್ರಸ್ತುತವಲ್ಲ. ನಾವು ನೆಲೆಸಿರುವ ಈ ಮುಂಬಯಿಯಿಂದಲೇ 1893ರ ಮೇ 31ರಂದು ಸ್ವಾಮಿ ವಿವೇಕಾನಂದರು ಹಡಗನ್ನೇರಿದರು. ಅಲ್ಲಿಗೆ ತಲುಪಿದಾಗ ತಿಳಿದುದೇನು? ಪರಿಚಯಪತ್ರವಿಲ್ಲದ ಪ್ರತಿನಿಧಿಗೆ ಪ್ರವೇಶವಿಲ್ಲ. ಹೆಸರು ನೋಂದಾಯಿಸುವ ಅವಧಿಯೂ ಮುಗಿದಿದೆ! ಹಾರ್ವರ್ಡಿನ ಪ್ರಾಧ್ಯಾಪಕ ಜಾನ್ ಹೆನ್ರಿ ರೈಟ್ ಅವರು ಪತ್ರ ಬರೆದುಕೊಟ್ಟುದರಿಂದ ಬಾಗಿಲು ತೆರೆಯಿತು. ಸ್ವಾಮಿಗಳ ವಾಗ್ವೈಭವವನ್ನು ನಾವೆಲ್ಲ ಕೊಂಡಾಡುತ್ತೇವೆ. ಆ ಪತ್ರವನ್ನು ಮಾತ್ರ ಮರೆಯುತ್ತೇವೆ.

ಹಾಗೆ ಪತ್ರ ಬರೆದುಕೊಡುವವರೇ ಇಲ್ಲದವರ ಗತಿ? ಆ ನೆಲದ ಮೂಲನಿವಾಸಿಗಳ ಸೂರ್ಯನೃತ್ಯವೇ ಮೊದಲಾದ ಆಚರಣೆಗಳನ್ನು ಅಮೆರಿಕದ ಸರ್ಕಾರವು 1883ರಲ್ಲಿಯೇ ನಿಷೇಧಿಸಿತ್ತು. ಸಮ್ಮೇಳನದಲ್ಲಿ ಅವರ ಧರ್ಮವನ್ನು ಕುರಿತು ಪ್ರಬಂಧವೇನೋ ಮಂಡಿತವಾಯಿತು; ಮಂಡಿಸಿದವರು ಆಲಿಸ್ ಫ್ಲೆಚರ್ ಎಂಬ ಶ್ವೇತವರ್ಣದ ವಿದುಷಿ. ಅದೇ ನಗರದ ವಿಶ್ವಪ್ರದರ್ಶನದಲ್ಲಿ ಮೂಲನಿವಾಸಿಗಳು ಕಾಣಸಿಗದೆ ಇರಲಿಲ್ಲ. ಆದರೆ ಜನರು ನೋಡಿ ಮುಂದೆ ಸಾಗುವ ನೋಟವಾಗಿ! ಧರ್ಮಸಭೆಯಲ್ಲಿ ಅವರ ಪರವಾಗಿ ಅವರಾರೂ ಕುಳಿತಿರಲಿಲ್ಲ.

ನಮ್ಮ ಸಂಘಗಳು ನಡೆಸುವ ಸೌಹಾರ್ದ ಸಭೆಗಳು ಇದಕ್ಕೆ ಹೊರತೇ? ದಿನ, ವಿಷಯ, ಭಾಷೆ ಎಲ್ಲವನ್ನೂ ನಾವೇ ಗೊತ್ತುಮಾಡಿ, ಕಡೆಯಲ್ಲಿ ಮೌಲ್ವಿಯವರಿಗೂ ಪಾದ್ರಿಯವರಿಗೂ ಐದೈದು ನಿಮಿಷ ನೀಡಿ ಹಾರ ಹಾಕುತ್ತೇವೆ. ಕೊಳೆಗೇರಿಯ ಎಲ್ಲಮ್ಮನ ಗುಡಿಯ ಪೂಜಾರಿಯವರಿಗೆ ಕರೆಯೋಲೆಯೇ ಹೋಗುವುದಿಲ್ಲ. ಅವರು ನಮ್ಮವರೇ ಅಲ್ಲವೇ ಎಂಬ ಸಮಾಧಾನ ಬೇರೆ! ಮುಂದಿನ ದಸರೆಗೆ ಇವರೆಲ್ಲರನ್ನೂ ವೇದಿಕೆಗೆ ಕರೆಯುವುದಕ್ಕೆ ಮುನ್ನ, ಕಾರ್ಯಕ್ರಮ ಪಟ್ಟಿಯನ್ನು ಸಿದ್ಧಪಡಿಸುವ ದಿನವೇ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡರೆ ಹೇಗೆ?